ಗೊಹೊನ್, ಇಪ್ಪೊನ್, ಫೈಟ್: ಕರಾಟೆಯ ಜೋಡಿ ಅಭ್ಯಾಸದಲ್ಲಿ ಯಾವುದು ಯಾರಿಗೆ?

ಹಳದಿ ಬೆಲ್ಟ್ ಕಟ್ಟಿದ ಮರುವಾರವೇ ಹುಡುಗರು ಕೇಳುವ ಪ್ರಶ್ನೆ ಒಂದೇ: “ಸರ್, ಫೈಟ್ ಯಾವಾಗ?” ಅಪ್ಪ ಅಮ್ಮಂದಿರದು ಬೇರೆ. ದಿನಾ ಇಬ್ಬರನ್ನು ಎದುರುಬದುರು ನಿಲ್ಲಿಸಿ, ಇಚಿ ನಿ ಸನ್ (ಒಂದು ಎರಡು ಮೂರು) ಅಂತ ಎಣಿಸುತ್ತಾ ಪಂಚ್ ಹೊಡೆಸುತ್ತಾರಲ್ಲ, ಬೀದಿಯಲ್ಲಿ ಯಾರಾದರೂ ಹಾಗೆ ಹೇಳಿ ಹೊಡೆಯುತ್ತಾರಾ? ಎರಡೂ ಕೇಳಬೇಕಾದ ಪ್ರಶ್ನೆಗಳೇ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ನಡೆಯುವ ಕ್ಲಾಸಿನಲ್ಲಿ ವಾರ್ಮಪ್, ಕಿಹೊನ್ (ಮೂಲ ಹೊಡೆತ, ತಡೆಗಳ ಒಂಟಿ ಅಭ್ಯಾಸ), ಕಟಾ (ಒಬ್ಬರೇ ಮಾಡುವ ಗೊತ್ತಾದ ಚಲನೆಗಳ ಸರಣಿ) ಮುಗಿದ ಮೇಲೆ ಜೋಡಿ ಅಭ್ಯಾಸಕ್ಕೆ ಉಳಿಯುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷಕ್ಕೆ ಏನನ್ನು ಆರಿಸಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಳೆಯ ಜೋಡಿ ಅಭ್ಯಾಸಗಳು ಹೊಡೆದಾಟದ ತಾಲೀಮು ಅಲ್ಲ. ಅಂತರ, ಸಮಯ, ಗುರಿ ಈ ಮೂರನ್ನು ಒಂದೊಂದಾಗಿ ಬಿಡಿಸಿ ಕಲಿಸುವ ಉಪಾಯ ಅವು. ಆ ಉಪಾಯ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ತಡೆಯುವವನಿಗಿಂತ ಹೊಡೆಯುವವನ ಕೈಯಲ್ಲೇ ಹೆಚ್ಚು ಇದೆ.

ಹಳೆಯದು ಅಂದರೆ ಎಷ್ಟು ಹಳೆಯದು?

ಕರಾಟೆ ಗುರು ಗಿಚಿನ್ ಫುನಾಕೋಶಿ 1922ರಲ್ಲಿ ಓಕಿನಾವಾದಿಂದ ಟೋಕಿಯೋಗೆ ಬಂದಾಗ ಕಲಿಸುತ್ತಿದ್ದುದು ಬಹುಪಾಲು ಕಟಾ. ಐದು ಹೆಜ್ಜೆಯ ಗೊಹೊನ್, ಮೂರು ಹೆಜ್ಜೆಯ ಸಂಬೊನ್, ಒಂದು ಹೆಜ್ಜೆಯ ಇಪ್ಪೊನ್ ಕುಮಿಟೆಗಳು (ಜೋಡಿ ಅಭ್ಯಾಸಗಳು) ಅವರ ಶೋಟೋಕಾನ್ ಶೈಲಿಯಲ್ಲಿ ಈಗಿನ ರೂಪಕ್ಕೆ ಬಂದದ್ದು ಆಮೇಲೆ, ಬಹುಮಟ್ಟಿಗೆ 1930ರ ದಶಕದಲ್ಲಿ. ಅದರಲ್ಲಿ ಅವರ ಮಗ ಗಿಗೋ ಫುನಾಕೋಶಿಯ ಪಾತ್ರ ದೊಡ್ಡದು. ಜುಜುತ್ಸು ಕಲಿತು ಬಂದಿದ್ದ ಹಿರೊನೊರಿ ಒತ್ಸುಕಾ ವಾಡೊ-ರ್ಯು ಶೈಲಿ ಕಟ್ಟಿದಾಗ ಜೋಡಿ ಅಭ್ಯಾಸವನ್ನೇ ನಡುಮನೆಗೆ ತಂದರು. ಅಂಕದ ಪಂದ್ಯಗಳು ಇನ್ನೂ ಈಚಿನವು: ಜಪಾನ್ ಕರಾಟೆ ಅಸೋಸಿಯೇಷನ್ ಸ್ಥಾಪನೆಯಾದದ್ದು 1949ರಲ್ಲಿ, ಅದರ ಮೊದಲ ಅಖಿಲ ಜಪಾನ್ ಪಂದ್ಯಾವಳಿ 1957ರಲ್ಲಿ. ಹಾಗಾಗಿ “ಸಾವಿರಾರು ವರ್ಷದ ಪದ್ಧತಿ, ಪ್ರಶ್ನೆ ಮಾಡಬೇಡಿ” ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಇದು ಕಾಲೇಜು ಕ್ಲಬ್ಬುಗಳ ದೊಡ್ಡ ಗುಂಪಿಗೆ, ಗಾಯವಾಗದಂತೆ ಕಲಿಸಲು ಹೊಂದಿಸಿಕೊಂಡ ಕ್ರಮ. ನಮ್ಮ ಕ್ಲಾಸುಗಳಲ್ಲೂ ಒಬ್ಬರೇ ಮಾಸ್ಟರ್, ಮೂವತ್ತು ಮಕ್ಕಳು. ಆ ಕ್ರಮ ಇಲ್ಲಿಗೂ ಒಗ್ಗುವುದು ಅದೇ ಕಾರಣಕ್ಕೆ.

ಗೊಹೊನ್ ಮತ್ತು ಸಂಬೊನ್: ಕಾಲಿಗೆ ಒಳ್ಳೆಯದು, ತಲೆಗೆ ಬೇಗ ಹಳಸುತ್ತದೆ

ಹೊಡೆಯುವವನು ಎಡಗಾಲು ಮುಂದಿಟ್ಟು ಜೆಂಕುತ್ಸು-ದಾಚಿಯಲ್ಲಿ (ಮುಂಗಾಲು ಮಡಚಿದ ಉದ್ದ ನಿಲುವಿನಲ್ಲಿ) ಗೆದಾನ್ ಬರಾಯಿ (ಕೆಳಗಿನ ತಡೆ) ಮಾಡಿ ನಿಲ್ಲುತ್ತಾನೆ, “ಜೋದಾನ್” (ತಲೆಯ ಎತ್ತರ) ಎಂದು ಕೂಗುತ್ತಾನೆ, ಬಲಗಾಲಿಟ್ಟು ಬಲಗೈ ಓಯ್-ಜುಕಿ (ಹೆಜ್ಜೆಯಿಟ್ಟು ಹೊಡೆಯುವ ಪಂಚ್). ಎದುರಿನವನು ಬಲಗಾಲು ಹಿಂದಕ್ಕೆ ತೆಗೆದು ಎಡಗೈಯಲ್ಲಿ ಅಗೆ-ಉಕೆ (ಮೇಲಕ್ಕೆತ್ತುವ ತಡೆ). ಹೀಗೆ ಐದು ಸಲ. ಐದನೆಯದರ ಮೇಲೆ ಬಲಗೈ ಗ್ಯಾಕು-ಜುಕಿ (ಹಿಂಗಾಲಿನ ಕಡೆಯ ಕೈಯ ಪಂಚ್), ಜೊತೆಗೆ ಕಿಯಾಯ್ ಎಂಬ ಕೂಗು. ಸಂಬೊನ್ ಇದನ್ನೇ ಮೂರಕ್ಕೆ ಇಳಿಸುತ್ತದೆ. ಸಾಮಾನ್ಯವಾಗಿ ತಲೆ, ಹೊಟ್ಟೆ, ಆಮೇಲೆ ಮಾಯೆ-ಗೇರಿ (ನೇರ ಮುಂದಕ್ಕೆ ಕಿಕ್) ಹೀಗೆ ಎತ್ತರ ಬದಲಾಗುತ್ತದೆ.

ಇದರಿಂದ ಸಿಗುವ ಲಾಭ ನಿಜವಾದದ್ದು. ಎದುರಿಗೆ ಒಬ್ಬ ನುಗ್ಗಿ ಬರುವಾಗ ಕಣ್ಣು ಮುಚ್ಚದೆ, ಸೊಂಟ ಏಳದೆ, ನಿಲುವು ಕುಗ್ಗದೆ ಹಿಂದೆ ಸರಿಯುವುದು ಒಂಟಿಯಾಗಿ ಮಾಡಿದ ಕಿಹೊನ್‌ನಲ್ಲಿ ಬರುವುದಿಲ್ಲ. ಐದನೇ ಹೆಜ್ಜೆಗೆ ಉಸಿರು ಏರುತ್ತದೆ, ನಿಲುವು ಕಿರಿದಾಗುತ್ತದೆ. ಯಾರ ಕಾಲು ಎಷ್ಟು ಗಟ್ಟಿ ಎಂದು ಅಲ್ಲೇ ಗೊತ್ತಾಗುತ್ತದೆ.

ಕೆಡುವುದು ಲಯದಿಂದ. ಎಣಿಕೆಗೆ ಇಬ್ಬರೂ ಹೊಂದಿಕೊಂಡುಬಿಟ್ಟರೆ ತಡೆಯುವವನು ಪಂಚ್ ನೋಡುವುದನ್ನು ನಿಲ್ಲಿಸಿ ಮಾಸ್ಟರ ದನಿ ಕೇಳಿ ಹಿಂದೆ ಹೋಗುತ್ತಾನೆ. ಆಗ ಅದು ಕವಾಯತು. ಮದ್ದು ಸರಳವಾಗಿದೆ: ಎಣಿಕೆ ನಿಲ್ಲಿಸಿ, ಹೊಡೆಯುವವನೇ ತನಗೆ ಬೇಕಾದಾಗ ಹೊರಡಲಿ. ಎರಡನೇ ಮತ್ತು ಮೂರನೇ ಹೆಜ್ಜೆಯ ನಡುವೆ ಒಂದು ಕ್ಷಣ ನಿಲ್ಲಲಿ. ತಡೆಯುವವನು ಆ ಖಾಲಿ ಕ್ಷಣದಲ್ಲಿ ಹಿಂದೆ ಸರಿದರೆ ಅವನು ನೋಡುತ್ತಿಲ್ಲ ಎಂದರ್ಥ. ಇಷ್ಟು ಮಾಡಿದ ಮೇಲೂ ಆರೇಳು ತಿಂಗಳಿಗಿಂತ ಹೆಚ್ಚು ಕಾಲ ಇದನ್ನೇ ಮುಖ್ಯವಾಗಿ ಮಾಡಿಸುವುದನ್ನು ನಾವು ಒಪ್ಪುವುದಿಲ್ಲ. ನೇರ ಹಿಂದೆ ಹಿಂದೆ ಹೋಗುವ ಅಭ್ಯಾಸ ಮೈಗೆ ಹತ್ತಿದರೆ ಬಿಡಿಸುವುದು ಕಷ್ಟ.

ಜಾಗದ ಲೆಕ್ಕವೂ ಇದೆ. ದೊಡ್ಡವರ ಐದು ಹೆಜ್ಜೆ ಸುಮಾರು 15 ಅಡಿ, ಇಬ್ಬರ ನಿಲುವು ಸೇರಿದರೆ 22ರಿಂದ 24 ಅಡಿ. ಶಾಲೆಯ ಕೊಠಡಿ 20 ಅಡಿಗೆ 30 ಅಡಿ ಇದ್ದರೆ ಉದ್ದಕ್ಕೆ ನಿಲ್ಲಿಸಬೇಕು, ಒಂದು ಸಲಕ್ಕೆ ನಾಲ್ಕೇ ಜೋಡಿ. ಇಪ್ಪೊನ್ ಆದರೆ ಅದೇ ಕೊಠಡಿಯಲ್ಲಿ ಅಡ್ಡಕ್ಕೆ ಆರು ಜೋಡಿ ಆರಾಮಾಗಿ ನಿಲ್ಲುತ್ತವೆ.

ಕಿಹೊನ್ ಇಪ್ಪೊನ್: ಒಂದನ್ನೇ ಉಳಿಸಿಕೊಳ್ಳಿ ಅಂದರೆ ಇದನ್ನು

ಒಂದೇ ಹೆಜ್ಜೆ, ಒಂದೇ ಹೊಡೆತ, ಒಂದೇ ತಡೆ, ಒಂದೇ ಉತ್ತರ. ಹೊಡೆಯುವವನು ಜಾಗ ಮೊದಲೇ ಹೇಳುತ್ತಾನೆ: ಜೋದಾನ್, ಚೂದಾನ್ (ಹೊಟ್ಟೆಯ ಎತ್ತರ), ಮಾಯೆ-ಗೇರಿ, ಆಮೇಲೆ ಕೆಕೊಮಿ (ಪಕ್ಕದಿಂದ ಚಾಚಿ ನೂಕುವ ಕಿಕ್), ಮವಾಶಿ-ಗೇರಿ (ಸುತ್ತಿ ಬರುವ ಕಿಕ್). ಕೇಳಿದರೆ ಸಪ್ಪೆ ಅನ್ನಿಸುತ್ತದೆ. ಆದರೆ ಏನು ಬರುತ್ತದೆ ಎಂಬ ಚಿಂತೆ ಕಳೆದಾಗ ಉಳಿಯುವುದು ಯಾವಾಗ, ಎಷ್ಟು ದೂರ ಎಂಬ ಎರಡೇ ಪ್ರಶ್ನೆ. ಆ ಎರಡನ್ನು ಇಷ್ಟು ಸ್ವಚ್ಛವಾಗಿ ಕಲಿಸುವ ಬೇರೆ ದಾರಿ ಕರಾಟೆಯಲ್ಲಿಲ್ಲ.

ಅಂತರ ಹೀಗೆ ಅಳೆಯಿರಿ. ಹೊಡೆಯುವವನು ಮೊದಲು ಪಂಚ್ ಮುಗಿದ ನಿಲುವಿನಲ್ಲೇ ನಿಲ್ಲಲಿ: ಬಲಗಾಲು ಮುಂದೆ, ಬಲಗೈ ಪೂರ್ತಿ ಚಾಚಿ, ಮುಷ್ಟಿ ಎದುರಿನವನ ಎದೆಗೂಡಿನ ಕೆಳಗೆ ಡೋಗಿಯ (ಕರಾಟೆ ಉಡುಪಿನ) ಬಟ್ಟೆಗೆ ತಾಗುವಂತೆ. ಅಲ್ಲಿಂದ ಬಲಗಾಲು ಒಂದು ಪೂರ್ತಿ ಹೆಜ್ಜೆ ಹಿಂದಕ್ಕೆ. ಇದೇ ಶುರುವಿನ ಜಾಗ. ಜೋಡಿ ಬದಲಾದಾಗೆಲ್ಲ ಮತ್ತೆ ಅಳೆಯಬೇಕು. ಉದ್ದ ಕೈಯವನಿಗೂ ಗಿಡ್ಡನಿಗೂ ಒಂದೇ ದೂರ ಆಗುವುದಿಲ್ಲ.

ಆಮೇಲೆ ಪರೀಕ್ಷೆ. ಹೊಡೆಯುವವನು ಅರ್ಧ ವೇಗದಲ್ಲಿ ಚೂದಾನ್ ಹೊಡೆಯಲಿ, ಎದುರಿನವನು ತಡೆಯದೆ, ಅಲುಗಾಡದೆ ನಿಲ್ಲಲಿ. ಮುಷ್ಟಿ ಬಟ್ಟೆಗೆ ಬಂದು ತಾಗಿತೇ? ನಾಲ್ಕು ಬೆರಳು ಹಿಂದೆಯೇ ನಿಂತರೆ, ಅಥವಾ ಪಕ್ಕೆಯ ಆಚೆ ಹೋದರೆ, ಇಷ್ಟು ದಿನ ಅವನ ಜೊತೆಗಾರ ತಡೆಯುತ್ತಿದ್ದದ್ದು ಬರಿ ಗಾಳಿಯನ್ನು. ಹೆಚ್ಚಿನ ಮಕ್ಕಳು ಇಲ್ಲಿ ಸೋಲುತ್ತಾರೆ, ಅದೂ ಒಳ್ಳೆಯ ಮನಸ್ಸಿನಿಂದ. ಗೆಳೆಯನಿಗೆ ಪೆಟ್ಟಾಗಬಾರದು ಎಂದು ಕಿವಿಯ ಪಕ್ಕಕ್ಕೆ ಹೊಡೆಯುತ್ತಾರೆ. ಅದರ ಪರಿಣಾಮ ನೋಡಿ: ತಡೆಯುವವನು ತಪ್ಪು ಕೋನದಲ್ಲಿ ಕೈ ಎತ್ತಿದರೂ ಏನೂ ಆಗುವುದಿಲ್ಲ, ತಡವಾದರೂ ಏನೂ ಆಗುವುದಿಲ್ಲ, ಮಾಡಿದ್ದೇ ಸರಿ ಎಂದು ಮೈ ಕಲಿತುಬಿಡುತ್ತದೆ. ಗರಡಿಮನೆಯಲ್ಲಿ ಜೊತೆಗಾರ ಮೈ ಬಿಟ್ಟುಕೊಟ್ಟರೆ ಯಾವ ಪಟ್ಟೂ ಹತ್ತುತ್ತದೆ. ದುಗ್ಗಮ್ಮನ ಜಾತ್ರೆಯ ಅಖಾಡದಲ್ಲಿ ಅದೇ ಪಟ್ಟು ಹತ್ತುವುದಿಲ್ಲ.

ಹಾಗಾಗಿ ಗುರಿ ನಿಜವಾದದ್ದಾಗಿರಬೇಕು, ವೇಗ ಮಾತ್ರ ಕಡಿಮೆ ಇರಬಹುದು. ಹೊಟ್ಟೆಗಾದರೆ ಬಟ್ಟೆ ತಾಗುವಷ್ಟು. ಮುಖಕ್ಕಾದರೆ ಬಾಯಿಯ ನೇರಕ್ಕೆ, ಚರ್ಮಕ್ಕೆ ಎರಡು ಮೂರು ಸೆಂಟಿಮೀಟರ್ ಮುಂಚೆ ನಿಲ್ಲುವಂತೆ. ಹೀಗೆ ನಿಲ್ಲಿಸುವುದಕ್ಕೇ ಸುನ್‌ದೊಮೆ ಎನ್ನುತ್ತಾರೆ. ಮೊಣಕೈ ಪೂರ್ತಿ ನೆಟ್ಟಗಾಗುವ ಹೊತ್ತಿಗೆ ಮುಷ್ಟಿ ಅಲ್ಲಿರಬೇಕು. ಮೊಣಕೈ ಮಡಚಿಟ್ಟು ನಿಲ್ಲಿಸುವುದು ನಿಯಂತ್ರಣ ಅಲ್ಲ, ಅಂತರದ ಲೆಕ್ಕ ತಪ್ಪಿದ್ದಕ್ಕೆ ಸಿಕ್ಕ ನೆಪ.

ತಡೆಯುವವನ ತಪ್ಪುಗಳು ಮೂರ್ನಾಲ್ಕೇ, ಆದರೆ ಎಲ್ಲ ಊರಲ್ಲೂ ಅವೇ. ಮೊದಲನೆಯದು, ಹೊಡೆತ ಹೊರಡುವ ಮುನ್ನವೇ ಹೊರಡುವುದು. ಕಣ್ಣಿಂದ ಕಂಡದ್ದಕ್ಕೆ ಮೈ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಬೇಕು. ಹತ್ತಿರದಿಂದ ಬಂದ ಪಂಚ್ ಮುಷ್ಟಿ ನೋಡಿ ತಡೆಯಲು ಆಗುವುದೇ ಇಲ್ಲ. ಒಂದು ಹೆಜ್ಜೆ ದೂರ ಇಟ್ಟಿರುವುದೇ ಅದಕ್ಕೆ. ಆ ಹೆಜ್ಜೆ ಹೊರಡುವಾಗ ಮುಂಗಾಲಿನ ಮಂಡಿ, ಸೊಂಟ, ಭುಜ ಕೊಡುವ ಸುಳಿವು ಹಿಡಿಯುವುದೇ ಪಾಠ. ಕಣ್ಣು ಮುಷ್ಟಿಯ ಮೇಲಲ್ಲ, ಎದುರಿನವನ ಕಣ್ಣು ಮತ್ತು ಭುಜದ ಸುತ್ತ ಇರಲಿ.

ಎರಡನೆಯದು, ಭಯಕ್ಕೆ ತುಂಬ ಹಿಂದೆ ಹೋಗುವುದು. ಆಗ ತಡೆ ಬೇಕಾಗುವುದೇ ಇಲ್ಲ, ಗ್ಯಾಕು-ಜುಕಿಯೂ ಮುಟ್ಟುವುದಿಲ್ಲ. ಮುಟ್ಟಿಸಲು ಮುಂದಕ್ಕೆ ಬಾಗುತ್ತಾನೆ, ಹಿಂಗಾಲಿನ ಹಿಮ್ಮಡಿ ಏಳುತ್ತದೆ. ಹಿಮ್ಮಡಿ ಎದ್ದದ್ದು ಕಂಡರೆ ಸೊಂಟದ ತಿರುವನ್ನು ತಿದ್ದಲು ಹೋಗಬೇಡಿ, ಹಿಂದಿಟ್ಟ ಹೆಜ್ಜೆಯನ್ನು ಅಳೆಯಿರಿ. ಮೂರನೆಯದು, ಅಗೆ-ಉಕೆಯಲ್ಲಿ ಮುಂಗೈ ಹಣೆಗೆ ಅಂಟಿಕೊಳ್ಳುವುದು. ಹಣೆಗೂ ಮುಂಗೈಗೂ ನಡುವೆ ಒಂದು ಮುಷ್ಟಿಯ ಜಾಗ ಇರಬೇಕು, ಇಲ್ಲದಿದ್ದರೆ ಬಂದ ಪೆಟ್ಟು ನಮ್ಮ ಕೈಯನ್ನೇ ನಮ್ಮ ಹಣೆಗೆ ಬಡಿಸುತ್ತದೆ. ನಾಲ್ಕನೆಯದು ಶಕ್ತಿಪ್ರದರ್ಶನ: ಎಲುಬಿಗೆ ಎಲುಬು ಬಡಿದು ಮುಂಗೈ ನೀಲಿಗಟ್ಟುವುದು. ಹದಿನೈದು ನಿಮಿಷದಲ್ಲಿ ಜೊತೆಗಾರ ಹೆದರಿ ಮತ್ತೆ ಪಕ್ಕಕ್ಕೆ ಹೊಡೆಯಲು ಶುರು ಮಾಡುತ್ತಾನೆ, ಅಲ್ಲಿಗೆ ಅಭ್ಯಾಸ ಸತ್ತಂತೆ.

ಒಂದು ಬದಿಗೆ ಹತ್ತು ಸಲ ಸಾಕು. ಐದು ನಿಧಾನ, ಮೂರು ಮಧ್ಯಮ, ಎರಡು ಪೂರ್ತಿ ವೇಗ. ಎಡಗೈಯಿಂದಲೂ ಅಷ್ಟೇ. ಇಪ್ಪತ್ತು ದಾಟಿದರೆ ಗಮನ ಜಾರುತ್ತದೆ. ಮಾರ್ಚ್‌ನಿಂದ ಮೇವರೆಗಿನ ನಮ್ಮ ಬಿಸಿಲಿಗೆ ಸಂಜೆ ಐದಕ್ಕೂ ಕೊಠಡಿ ಕಾದಿರುತ್ತದೆ, ಆ ತಿಂಗಳುಗಳಲ್ಲಿ ಇನ್ನೂ ಕಡಿಮೆ ಮಾಡಿ.

ಜಿಯು ಇಪ್ಪೊನ್: ಸೇತುವೆ ಇದೇ, ಆದರೆ ದಾಟಿಸುವವರು ಕಡಿಮೆ

ಹೊಡೆತದ ಹೆಸರು ಮೊದಲೇ ಹೇಳುವುದು ಹಾಗೇ ಇರುತ್ತದೆ, ಉಳಿದದ್ದೆಲ್ಲ ಮುಕ್ತ. ಇಬ್ಬರೂ ಕಮಾಯೆಯಲ್ಲಿ (ಹೊಡೆದಾಟಕ್ಕೆ ಸಿದ್ಧ ನಿಲುವಿನಲ್ಲಿ) ನಿಂತು ಓಡಾಡುತ್ತಾರೆ. ಹೊಡೆಯುವವನು ಅಂತರ ಕದ್ದು ತನಗೆ ಬೇಕಾದಾಗ ಹೊಡೆದು ಕೂಡಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ತಡೆಯುವವನು ಓರೆಗೆ ಸರಿಯಬಹುದು, ಒಳಗೆ ನುಗ್ಗಬಹುದು. ಕಿಹೊನ್ ಇಪ್ಪೊನ್‌ನಲ್ಲಿ ಚಾಚಿದ ಕೈ ಅಲ್ಲೇ ನಿಂತು ಉತ್ತರಕ್ಕೆ ಕಾಯುತ್ತದೆ, ಇಲ್ಲಿ ಕಾಯುವುದಿಲ್ಲ. ಹಾಗಾಗಿ ತಡೆ ಒಂದು, ಹೊಡೆತ ಎರಡು ಎಂದು ಎಣಿಸುವವನು ಪ್ರತಿ ಸಲವೂ ತಡವಾಗುತ್ತಾನೆ. ಎರಡೂ ಒಂದೇ ಉಸಿರಲ್ಲಿ ಆಗಬೇಕು.

ಹಲವು ಸಂಸ್ಥೆಗಳ ಪಠ್ಯಕ್ರಮದಲ್ಲಿ ಇದು ಬ್ರೌನ್ ಬೆಲ್ಟ್ ಹೊತ್ತಿಗೆ, ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯ ಹೊಸ್ತಿಲಲ್ಲಿ ಬರುತ್ತದೆ. ನಮ್ಮ ಲೆಕ್ಕದಲ್ಲಿ ಅದು ತಡ. ಕಿಹೊನ್ ಇಪ್ಪೊನ್‌ನ ಐದು ಹೊಡೆತ ಬಂದವರಿಗೆ, ಬೆಲ್ಟ್ ಯಾವುದೇ ಇರಲಿ, ವಾರಕ್ಕೊಮ್ಮೆ ಐದು ನಿಮಿಷ ಚೂದಾನ್ ಒಂದರಲ್ಲೇ ಇದನ್ನು ಮಾಡಿಸಬಹುದು. ಗ್ರೇಡಿಂಗ್‌ಗೆ ಬೇಕಾದ ರೂಪ ಬೇರೆ, ಕಲಿಕೆಗೆ ಬೇಕಾದ ಹೊತ್ತು ಬೇರೆ.

ತಪ್ಪುವುದು ಒಂದೇ ಕಡೆ: ತಡೆಯುವವನು ಮನೆಯಲ್ಲಿ ಕನ್ನಡಿ ಮುಂದೆ ತಯಾರಿಸಿಕೊಂಡು ಬಂದ ಉತ್ತರವನ್ನೇ ತುರುಕುತ್ತಾನೆ. ಹೊಡೆಯುವವನಿಗೆ ಗುಟ್ಟಾಗಿ ಹೇಳಿ, ನಾಲ್ಕಕ್ಕೊಂದು ಸಲ ಹೊಡೆದ ಮೇಲೆ ನಿಲ್ಲದೆ ಇನ್ನೊಂದು ಗ್ಯಾಕು-ಜುಕಿ ಸೇರಿಸು ಎಂದು. ತಯಾರಿ ಎಲ್ಲ ಅಲ್ಲೇ ಹೊರಬೀಳುತ್ತದೆ.

ಫೈಟ್

ಅಂಕದ ಕುಮಿಟೆಯ ಪಾಠ ಬೇರೆ. ವಿಶ್ವ ಕರಾಟೆ ಫೆಡರೇಷನ್ ನಿಯಮದಲ್ಲಿ ಪಂಚ್‌ಗೆ 1 ಅಂಕ ಯುಕೊ, ಹೊಟ್ಟೆ ಎತ್ತರದ ಕಿಕ್‌ಗೆ 2 ವಜಾ-ಅರಿ, ತಲೆಗೆ ಕಿಕ್ ಅಥವಾ ಬಿದ್ದವನ ಮೇಲೆ ಮುಗಿಸಿದ ಹೊಡೆತಕ್ಕೆ 3 ಇಪ್ಪೊನ್. 8 ಅಂಕದ ಮುನ್ನಡೆ ಸಿಕ್ಕರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಅಂಕಣ 8 ಮೀಟರ್ ಚದರ. ಅಷ್ಟು ಜಾಗ, ಅಷ್ಟು ಕಡಿಮೆ ಸಂಪರ್ಕ ಇರುವಾಗ ಗೆಲ್ಲುವುದು ಕುಣಿಯುತ್ತಾ ಒಳಹೊಕ್ಕು ಹೊರಬರುವ ಕಾಲು. ಜಿಲ್ಲಾ ಪಂದ್ಯಕ್ಕೆ ಹೋಗುವ ಮಕ್ಕಳಿಗೆ ಇದರ ಅಭ್ಯಾಸ ಬೇಕೇ ಬೇಕು; ಒಂದು ಹೆಜ್ಜೆಯ ಇಪ್ಪೊನ್ ಅಭ್ಯಾಸ ಮಾತ್ರ ಮಾಡಿದವರು ಆ ವೇಗಕ್ಕೆ ತಬ್ಬಿಬ್ಬಾಗುತ್ತಾರೆ.

ಆದರೆ ಶುರುವಿನಲ್ಲೇ ಫೈಟ್‌ಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಯಾವ ಬೇಸಿಗೆ ಶಿಬಿರದಲ್ಲಾದರೂ ನೋಡಬಹುದು. ಇಬ್ಬರೂ ಮುಖ ತಿರುಗಿಸಿ ಕಣ್ಣು ಮುಚ್ಚಿ ಕೈ ಬೀಸುತ್ತಾರೆ, ಗಟ್ಟಿ ಹುಡುಗ ಗೆಲ್ಲುತ್ತಾನೆ, ಮೆತ್ತಗಿನವನು ಮುಂದಿನ ತಿಂಗಳು ಕ್ಲಾಸ್ ಬಿಡುತ್ತಾನೆ. ಮಿಟ್ಸ್, ಹಲ್ಲಿನ ಗಾರ್ಡ್, ಶಿನ್ ಗಾರ್ಡ್, ಚೆಸ್ಟ್ ಗಾರ್ಡ್ ಇಲ್ಲದೆ ಬಿಡುವುದಂತೂ ಬೇಡವೇ ಬೇಡ. ನೆಲವೂ ಮುಖ್ಯ. ಕಡಪ ಕಲ್ಲು, ಟೈಲ್ಸ್ ಮೇಲೆ ಬೆವರು ಬಿದ್ದರೆ ಜಾರುತ್ತದೆ, ಕಾಲು ಹೊಡೆದವನೇ ಬೀಳುತ್ತಾನೆ. ಮೈದಾನದಲ್ಲಿ ಶೂ ಹಾಕಿ ಮಾಡಿದರೆ ತೊಂದರೆ ಉಲ್ಟಾ: ಶೂ ನೆಲ ಕಚ್ಚುತ್ತದೆ, ಸೊಂಟ ತಿರುಗುತ್ತದೆ, ನಡುವೆ ಸಿಕ್ಕಿಕೊಳ್ಳುವುದು ಮಂಡಿ. ಮೈದಾನದ ದಿನ ಮವಾಶಿ-ಗೇರಿ ಬಿಟ್ಟು ಪಂಚ್ ಮಾತ್ರ ಇಟ್ಟುಕೊಳ್ಳಿ.

ಪ್ಯಾಡ್, ಕಾಕಿಯೆ, ಬುಂಕಾಯ್

ಸುನ್‌ದೊಮೆಯ ದೊಡ್ಡ ಕೊರತೆ, ಹೊಡೆತ ತಾಗಿದಾಗ ಏನಾಗುತ್ತದೆ ಎಂದು ಗೊತ್ತೇ ಆಗದಿರುವುದು. ವರ್ಷಗಟ್ಟಲೆ ಗಾಳಿಗೆ ಹೊಡೆದವರ ಮಣಿಕಟ್ಟು ಪ್ಯಾಡ್‌ಗೆ ಮೊದಲ ಹೊಡೆತಕ್ಕೇ ಮಡಚಿಕೊಳ್ಳುತ್ತದೆ. ತೋರುಬೆರಳು, ನಡುಬೆರಳಿನ ಗೆಣ್ಣು ತಾಗಬೇಕು, ಮುಂಗೈ ಮತ್ತು ಮುಷ್ಟಿಯ ಬೆನ್ನು ಒಂದೇ ಗೆರೆಯಲ್ಲಿರಬೇಕು. ಇಪ್ಪೊನ್ ಮಾಡಿದ ದಿನವೇ ಅದೇ ಗ್ಯಾಕು-ಜುಕಿಯನ್ನು ಪ್ಯಾಡ್‌ಗೆ ಹತ್ತು ಹತ್ತು ಹೊಡೆಸಿದರೆ ಈ ಕೊರತೆ ತುಂಬುತ್ತದೆ. ಪ್ಯಾಡ್ ಮಾತ್ರ ಸಾಕೇ ಎಂದರೆ ಸಾಲದು. ಪ್ಯಾಡ್ ತಿರುಗಿ ಹೊಡೆಯುವುದಿಲ್ಲ.

ಕಾಕಿಯೆ ಗೊಜು-ರ್ಯು ಶೈಲಿಯ ಕಡೆಯದು. ಇಬ್ಬರೂ ಸಂಚಿನ್-ದಾಚಿ ಎಂಬ ಗಿಡ್ಡ ನಿಲುವಿನಲ್ಲಿ ಹತ್ತಿರ ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ತಳ್ಳುತ್ತಾ ಸೆಳೆಯುತ್ತಾ ಇರುತ್ತಾರೆ. ನೋಡಲು ಏನೂ ಇಲ್ಲ. ಆದರೆ ಇಪ್ಪೊನ್ ಒಂದು ಹೆಜ್ಜೆ ದೂರದ ಪಾಠವಾದರೆ ಇದು ಕೈಗೆ ಕೈ ಸಿಕ್ಕ ದೂರದ ಪಾಠ, ಕಣ್ಣಿಗಿಂತ ಚರ್ಮ ಮೊದಲು ತಿಳಿಯುವಂಥದ್ದು. ನಲವತ್ತು ದಾಟಿದವರಿಗೆ, ಮಂಡಿ ನೋವಿರುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಅಭ್ಯಾಸ ಸಿಗುವುದು ಕಷ್ಟ. ಎದುರಿನವನ ಬಲವನ್ನು ನಮ್ಮ ಭುಜ ಏರಿಸಿ ತಡೆಯಲು ಹೋದರೆ ಹತ್ತೇ ನಿಮಿಷಕ್ಕೆ ಕತ್ತು ಹಿಡಿಯುತ್ತದೆ, ಮೊಣಕೈ ಇಳಿಬಿಡಿ.

ಬುಂಕಾಯ್ ಅಂದರೆ ಕಟಾದ ತುಣುಕನ್ನು ಜೊತೆಗಾರನ ಮೇಲೆ ಬಿಡಿಸಿ ನೋಡುವುದು. ಹೈಯಾನ್ ಶೋದಾನ್ ಎಂಬ ಕಟಾದ ನಾಲ್ಕನೇ ಚಲನೆ, ಕೈ ಎಳೆದುಕೊಂಡು ಮೇಲಿಂದ ಹಾಕುವ ತೆತ್ಸುಯಿ (ಸುತ್ತಿಗೆಯಂತೆ ಬೀಳುವ ಮುಷ್ಟಿ), ಮಣಿಕಟ್ಟು ಹಿಡಿದವನಿಂದ ಬಿಡಿಸಿಕೊಳ್ಳುವುದಕ್ಕೆ ಹೊಂದುತ್ತದೆ. ಎದುರಿನವನು ನಿಜವಾಗಿ ಬಿಗಿಯಾಗಿ ಹಿಡಿದರೆ ಮಾತ್ರ.

ಹಾಗಾದರೆ ಆಯ್ಕೆ

ಆರರಿಂದ ಎಂಟು ವರ್ಷದ ಮಕ್ಕಳಿಗೆ ಮೇಲಿನ ಯಾವುದನ್ನೂ ಪೂರ್ತಿಯಾಗಿ ಕೊಡಬೇಡಿ. ಭುಜ ಮುಟ್ಟು, ಮಂಡಿ ಮುಟ್ಟು ಆಟ ಆಡಿಸಿ. ಅಂತರವೂ ಸಮಯವೂ ಅದರಲ್ಲೇ ಇದೆ. ಒಂಬತ್ತರಿಂದ ಹನ್ನೆರಡರವರಿಗೆ ಎಣಿಕೆಯಿಲ್ಲದ ಸಂಬೊನ್ ಮತ್ತು ಕಿಹೊನ್ ಇಪ್ಪೊನ್. ಹೈಸ್ಕೂಲು, ಪಿಯು ಮಕ್ಕಳು ಪಂದ್ಯಕ್ಕೆ ಹೋಗುವವರಾದರೆ ವಾರದ ಮೂರು ದಿನದಲ್ಲಿ ಒಂದು ದಿನ ಕಿಹೊನ್ ಇಪ್ಪೊನ್ ಮತ್ತು ಪ್ಯಾಡ್, ಒಂದು ದಿನ ಜಿಯು ಇಪ್ಪೊನ್, ಒಂದು ದಿನ ಫೈಟ್. ಪಂದ್ಯಕ್ಕೆ ಹೋಗದವರಿಗೆ ಫೈಟ್ ದಿನವನ್ನು ಕಾಕಿಯೆ, ಬುಂಕಾಯ್‌ಗೆ ಕೊಡಿ, ತಿಂಗಳಿಗೊಮ್ಮೆ ಹಗುರವಾಗಿ ಫೈಟ್ ಇರಲಿ.

ಸರ್ಕಾರಿ ಶಾಲೆ, ಹಾಸ್ಟೆಲ್‌ಗಳ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಎಂದು ನಡೆಸುವ ಮೂರು ತಿಂಗಳ ತರಬೇತಿಯ ಮಾತೇ ಬೇರೆ. ಒನಕೆ ಓಬವ್ವನ ಊರಲ್ಲಿ ಇಂಥ ತರಬೇತಿಗೆ ಭಾಷಣದ ಕೊರತೆ ಇಲ್ಲ, ಹೊತ್ತಿನ ಕೊರತೆ ಇದೆ. ವಾರಕ್ಕೆ ಎರಡು ಗಂಟೆಯಂತೆ ಒಟ್ಟು ಇಪ್ಪತ್ತನಾಲ್ಕು ಗಂಟೆ ಸಿಕ್ಕರೆ ಗೊಹೊನ್ ಸಾಲು ನಿಲ್ಲಿಸಿ ಫೋಟೋ ತೆಗೆಸುವುದು ದಂಡ. ಅದರ ಬದಲು ಹಿಡಿದವನ ಹೆಬ್ಬೆರಳಿನ ಕಡೆಗೆ ಮೈಯನ್ನೂ ತಿರುಗಿಸಿ ಮಣಿಕಟ್ಟು ಬಿಡಿಸಿಕೊಳ್ಳುವುದು, ಹಿಂದಿನಿಂದ, ಕೂದಲಿಗೆ, ದುಪಟ್ಟಾಗೆ ಕೈ ಹಾಕಿದಾಗ ಏನು ಮಾಡಬೇಕು, ಅಂಗೈ ಬುಡದಿಂದ ಪ್ಯಾಡ್‌ಗೆ ಹೊಡೆತ, ಗಂಟಲು ಬಿಚ್ಚಿ ಕೂಗುವುದು, ಓಡುವುದು. ಇವೂ ಜೋಡಿ ಅಭ್ಯಾಸವೇ. ಇಪ್ಪೊನ್‌ನಿಂದ ತೆಗೆದುಕೊಳ್ಳಬೇಕಾದದ್ದು ಒಂದೇ, ಯಾರಾದರೂ ಒಂದು ಹೆಜ್ಜೆ ದೂರಕ್ಕೆ ಬಂದರೆ ಆಗಲೇ ಸರಿಯಬೇಕು ಎಂಬ ಅಳತೆ.

ಹೊಸ ಕ್ಲಾಸ್ ಹುಡುಕುತ್ತಿರುವವರು ಫೀಸ್ ಕಟ್ಟುವ ಮುನ್ನ ಒಂದು ದಿನ ಪಕ್ಕದಲ್ಲಿ ಕೂತು ನೋಡಿ. ಗೋಡೆಯ ಮೇಲಿನ ಸರ್ಟಿಫಿಕೇಟ್, ಕಪಾಟಿನ ಕಪ್ ಆಮೇಲೆ ನೋಡಿದರಾಯಿತು. ಜೋಡಿ ಅಭ್ಯಾಸ ಶುರುವಾದಾಗ ಹೊಡೆಯುವವನ ಮುಷ್ಟಿ ಎಲ್ಲಿ ನಿಲ್ಲುತ್ತದೆ, ಅದು ಪಕ್ಕಕ್ಕೆ ಹೋದಾಗ ಮಾಸ್ಟರು ತಿದ್ದುತ್ತಾರಾ, ದೊಡ್ಡ ಹುಡುಗ ಚಿಕ್ಕವನೆದುರು ವೇಗ ಇಳಿಸುತ್ತಾನಾ, ಜೋಡಿ ಬದಲಾಗುತ್ತವಾ ಅಥವಾ ಅದೇ ಇಬ್ಬರು ಗೆಳೆಯರು ಗಂಟೆಯಿಡೀ ಜೊತೆಗಿರುತ್ತಾರಾ ನೋಡಿ. ಮಕ್ಕಳ ಸಂಖ್ಯೆ ಬೆಸವಾಗಿ ಒಬ್ಬ ಉಳಿದಾಗ ಏನು ಮಾಡುತ್ತಾರೆ ಎಂಬುದನ್ನೂ ಗಮನಿಸಿ. ಮೂವರ ಗುಂಪು ಮಾಡಿ, ಮೂರನೆಯವನಿಗೆ ಇಬ್ಬರ ಕಾಲು ನೋಡಿ ಹೆಜ್ಜೆಯ ತಪ್ಪು ಹೇಳುವ ಕೆಲಸ ಕೊಟ್ಟು, ಐದು ಹೊಡೆತಕ್ಕೊಮ್ಮೆ ಅವನನ್ನು ಒಳಗೆ ಕರೆಸುವ ಕ್ಲಾಸ್ ಸಿಕ್ಕರೆ ಅಲ್ಲೇ ಸೇರಿಸಿ.